ಓದಿ ಕೇಳಿಸಿದ ಪುಟ

ಮದ್ದೂರು ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲೇ ಮಹದೇವುವಿನ ಡಿಟಿಪಿ ಅಂಗಡಿ. ಅದರ ಮೂಲೆಯಲ್ಲಿ ಒಂದು ಮೇಜು, ಒಂದು ಕಾಲು ಕುಂಟುವ ಪ್ಲಾಸ್ಟಿಕ್ ಕುರ್ಚಿ. ಅರುಂಧತಿಯ ಆಫೀಸು ಅಂದರೆ ಅಷ್ಟೇ. ಯಾರ ಕೈಕೆಳಗೂ ನೌಕರಿಯಿಲ್ಲ. ಯಾರು ಬಂದು ಏನು ಕೇಳಿದರೂ ಬರೆದುಕೊಡುವುದು ಅವಳ ಕಸುಬು. ಮದುವೆ ಕರೆಯೋಲೆಗೆ ಎರಡು ಸಾಲು, ಸತ್ತವರ ಫೋಟೋದ ಕೆಳಗೆ ನಾಲ್ಕು ಸಾಲು, ನಿವೃತ್ತರಾದ ಮೇಷ್ಟರಿಗೆ ಬಿನ್ನವತ್ತಳೆ, ಹಾಲಿನ ಸೊಸೈಟಿ ಅಧ್ಯಕ್ಷರಿಗೆ ಭಾಷಣ, ಬೆಂಗಳೂರಿನ ಯಾವುದೋ ವೆಬ್‌ಸೈಟಿಗೆ ಮೊಣಕಾಲು ನೋವಿನ ಎಣ್ಣೆಯ ಗುಣಗಾನ. ಹದಿನಾಲ್ಕು ವರ್ಷ ಹೀಗೆ ಬರೆದಿದ್ದಾಳೆ. ಒಂದರ ಮೇಲೂ ಅವಳ ಹೆಸರಿಲ್ಲ. ಮದುವೆ ಮನೆಯಲ್ಲಿ ಅಡುಗೆಯವರ ಹೆಸರು ಕೇಳಿದವರುಂಟೇ? ಉಂಡವರು ಕೈ ತೊಳೆದು ಎದ್ದು ಹೋಗುತ್ತಾರೆ.

ಬರೆಯುವ ಕಸುಬು ಅವಳಿಗೆ ಅಪ್ಪನಿಂದ ಬಂದದ್ದು. ಮರಿಸಿದ್ದಯ್ಯ ಮಳವಳ್ಳಿಯ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಮರದಡಿ ಕೂತು ಮೂವತ್ತೈದು ವರ್ಷ ಕ್ರಯಪತ್ರ, ಭಾಗಪತ್ರ ಬರೆದವರು. ಅವರದೊಂದು ಕಟ್ಟುನಿಟ್ಟಿತ್ತು. ಬರೆದದ್ದನ್ನು ಪುಟಪುಟವಾಗಿ ಓದಿ ಕೇಳಿಸಬೇಕು, ಕೇಳಿದವರು ಹೌದು ಅಂದಮೇಲೆ ಪುಟದ ಬುಡದಲ್ಲಿ ಅವರ ಸಹಿ ತೆಗೆದುಕೊಳ್ಳಬೇಕು. ಸರತಿಯಲ್ಲಿ ನಿಂತವರು ಗೊಣಗಿದರೂ ಸರಿ, ಅವರು ಓದದೆ ಬಿಟ್ಟವರಲ್ಲ. "ಓದೇಳಿದ್ದೊಂದು, ಬರ್ದಿದ್ದೊಂದು ಅಂತ ಯಾವನೂ ನಮ್ಮ ಕಡೆ ಬೊಟ್ಟು ತೋರುಸ್ಬಾರ್ದು ಕಣವ್ವ. ನೀನೂ ಅಷ್ಟೆ, ಓದ್ದೆ ಎಲ್ಲೂ ಸಯಿ ಆಕ್ಬೇಡ" ಅನ್ನುತ್ತಿದ್ದರು.

ಅವರ ಆ ಎಚ್ಚರಕ್ಕೆ ಕಾರಣವಿತ್ತು. ಹುಟ್ಟಿದ ಊರು ಕೊಪ್ಪದಲ್ಲಿ ಅವರನ್ನು ಮರಿಸಿದ್ದಯ್ಯ ಅಂದವರು ಕಡಿಮೆ. 'ಕಾಪಿ ಸಿದ್ದ' ಅಂದರೆ ಎಲ್ಲರಿಗೂ ಗೊತ್ತು. ಏಳನೇ ಕ್ಲಾಸಿನಲ್ಲಿ ಯಾರದೋ ಪ್ರಬಂಧ ಕದ್ದು ಬರೆದು ಸಿಕ್ಕಿಬಿದ್ದನಂತೆ, ಇಡೀ ಶಾಲೆಯ ಮುಂದೆ ಏಟು ತಿಂದು ಶಾಲೆ ಬಿಟ್ಟನಂತೆ ಅಂತ ಊರಿನ ಮಾತು. ಮದುವೆಯಾಗಿ ಬಂದ ದೇವಿರಮ್ಮನಿಗೆ ನಲ್ಲಿಯ ಮುಂದೆ ಮೊದಲ ದಿನವೇ ಸಿಕ್ಕಿದ ಹೆಸರು 'ಕಾಪಿ ಸಿದ್ದನ ಎಂಡ್ತಿ'. ಅದನ್ನು ತಾಳಲಾರದೆ ಗಂಡ ಹೆಂಡತಿ ಮಳವಳ್ಳಿಗೆ ಬಂದು ನೆಲೆಸಿದರು. ಹೆಸರಿಗೆ ಬಸ್ ಚಾರ್ಜು ಬೇಕೇ? ಅದೂ ಹಿಂದೆಯೇ ಬಂತು. ಪತ್ರ ಬರೆಸಲು ಬಂದ ಕೊಪ್ಪದವರು ನಗುತ್ತ, "ಕಾಪಿ ಮಾಡೋ ಕೆಲ್ಸನೇ ಇಡ್ಕಂಡಲ್ಲೋ ಸಿದ್ದ" ಅನ್ನುತ್ತಿದ್ದರು. ಮರಿಸಿದ್ದಯ್ಯ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಮೂರು ವರ್ಷದ ಹಿಂದೆ ಆ ಹೆಸರನ್ನು ಹೊತ್ತುಕೊಂಡೇ ಮಣ್ಣಾದರು.

ಹೀಗಿರುವಾಗ ಕೊಪ್ಪದ ಸಿದ್ದರಾಜು ಅವರಿಂದ ಮಹದೇವುವಿನ ಅಂಗಡಿಗೆ ಫೋನು ಬಂತು. ಹತ್ತಾರು ಎಕರೆ ಕಬ್ಬು ಗದ್ದೆಯವರು, ಸೊಸೈಟಿಗೆ ಮೂರು ಸಲ ಅಧ್ಯಕ್ಷರಾದವರು, ವಯಸ್ಸು ಎಪ್ಪತ್ತು. ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದಮೇಲೆ ಅವರಿಗೆ ತಮ್ಮ ಬದುಕನ್ನು ಪುಸ್ತಕ ಮಾಡಿಸುವ ಆಸೆ ಹುಟ್ಟಿತ್ತು. "ನಮ್ ಅರುಂಧತಿ ಅವ್ಳೆ ಸಾರ್, ಬೆಣ್ಣೇಲಿ ಕೂದ್ಲು ತಗುದಂಗೆ ಬರೀತಾಳೆ" ಅಂದ ಮಹದೇವು. ಅವನೂ ಅವಳ ಓಣಿಯವನೇ. ಅವಳು ಅಣ್ಣಾ ಅಂದರೆ ಅವನು ತಂಗೀ ಅನ್ನುವಷ್ಟು ಹಳೆಯ ಬಳಕೆ.

ಅರುಂಧತಿ ಒಂದೇ ಒಂದು ಮಾತು ಕೇಳಿದಳು. ಪುಸ್ತಕದ ಮೊದಲ ಪುಟದಲ್ಲಿ ತನ್ನ ಹೆಸರು ಬರಬೇಕು.

"ಅದ್ಕೇನಂತೆ? ನಿರೂಪಣೆ ಅಂತ ಆಕ್ಸುಮ. ನಿಮ್ಮಪ್ಪುನ್ ಎಸ್ರೂ ಸೇರ್ಸೇ ಆಕ್ಸು. ನನ್ ಜೊತೆ ಓದ್ದೋನು ಅವ್ನು" ಅಂದರು ಸಿದ್ದರಾಜು.

ಪ್ರತಿ ಭಾನುವಾರ ಅವಳು ಕೊಪ್ಪಕ್ಕೆ ಬಸ್ಸು ಹತ್ತಿದಳು. ಜಗಲಿಯಲ್ಲಿ ಸಿದ್ದರಾಜು ಹೇಳುವುದು, ಉದ್ದನೆಯ ನೋಟ್ ಬುಕ್ಕಿನಲ್ಲಿ ಅವಳು ಬರೆಯುವುದು, ಓದಿ ಕೇಳಿಸುವುದು, ಪುಟದ ಬುಡದಲ್ಲಿ ಅವರು ಸಹಿ ಹಾಕುವುದು. "ಇದೇನವ್ವ, ಗದ್ದೆ ಬರುಸ್ಕತಿದ್ದೀಯೇನೋ ಅನ್ನಂಗೆ" ಅಂತ ನಗುತ್ತಲೇ ಹಾಕುತ್ತಿದ್ದರು. ಅವರ ಹೆಂಡತಿ ಚಿಕ್ಕಬೋರಮ್ಮ ಪಕ್ಕದಲ್ಲಿ ಕೂತು ಏನಾದರೂ ಸೋಸುತ್ತಲೋ ಸುಲಿಯುತ್ತಲೋ ಇರುತ್ತಿದ್ದಳು. ಅರುಂಧತಿ ಹೊರಡುವಾಗ ಒಂದು ಕವರಿನಲ್ಲಿ ತರಕಾರಿ ತುಂಬಿ ಕೊಡುತ್ತಿದ್ದಳು.

ಅವರೆಕಾಯಿ ಕಾಲದ ಒಂದು ಭಾನುವಾರ ಶಾಲೆಯ ದಿನಗಳ ಮಾತು ಬಂತು. ಸಿದ್ದರಾಜು ಹೆಗಲ ಮೇಲಿನ ಟವಲನ್ನು ತೊಡೆಯ ಮೇಲೆ ಹಾಕಿಕೊಂಡರು. ಆಮೇಲೆ, "ಬರ್ಕೊ ಮಗಾ" ಅಂದರು.

"ಏಳ್ನೇ ಕ್ಲಾಸು. ತಾಲ್ಲೂಕ್ಗೆಲ್ಲ ಪ್ರಬಂದ ಬರಿಯೋ ಪಂದ್ಯ ಮಡಗಿದ್ರು. ನಂಗೆ ಒಂದಕ್ಸರ ಒಳೀಲಿಲ್ಲ. ಊಟುದ್ ಒತ್ನಲ್ಲಿ ನಿಮ್ಮಪ್ಪುನ್ ಚೀಲುದ್ಲಿದ್ದ ಪ್ರಬಂದ ತಗ್ದು ಅಂಗಂಗೇ ನಕ್ಲು ಮಾಡ್ದೆ. ಎರಡೂ ಒಂದೇ ಇದ್ವಲ್ಲ, ಎಡ್ಮೇಷ್ಟ್ರು ಇಬ್ರುನ್ನೂ ನಿಲ್ಸಿ ಕೇಳುದ್ರು, ಕದ್ದೋನ್ ಯಾವನು ಅಂತ. ನಾನು ಅವ್ನ್ ಕಡೆ ಕೈ ತೋರುಸ್ಬುಟ್ಟೆ. ನಮ್ಮಪ್ಪ ಪಟೇಲ. ಮೇಷ್ಟ್ರು ಇನ್ಯಾರ್ ಮಾತ ನಂಬಾರು? ಎಲ್ರೆದ್ರುಗೂ ಒಡುದ್ರು ಕಣವ್ವ. ಅವ್ನು ಅಳ್ನಿಲ್ಲ. ನನ್ನೇ ನೋಡ್ತಾ ನಿಂತಿದ್ದ. ಮಾರ್ನೇ ದಿನ್ದಿಂದ ಇಸ್ಕೂಲ್ಗೆ ಬರ್ನಿಲ್ಲ."

ಅವರೆ ಸುಲಿಯುತ್ತಿದ್ದ ಚಿಕ್ಕಬೋರಮ್ಮನ ಕೈ ನಿಂತಿತ್ತು. ಅರುಂಧತಿಯ ಪೆನ್ನೂ ನಿಂತಿತ್ತು. ಅವಳಿಗೆ ಆ ಮನುಷ್ಯನ ಕತ್ತಿನ ಪಟ್ಟಿ ಹಿಡಿಯಬೇಕು ಅನ್ನಿಸಿತು. ಅಪ್ಪ ಬದುಕಿದ್ದಾಗ ಹೇಳಲು ನಿನಗೇನು ರೋಗ ಬಡಿದಿತ್ತು ಅಂತ ಕೇಳಬೇಕು ಅನ್ನಿಸಿತು. ಅಷ್ಟರಲ್ಲಿ ಸಿದ್ದರಾಜು ಟವಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಲು ಶುರುಮಾಡಿದರು. "ಇದ ಏಳ್ದೆ ಸತ್ರೆ ನನ್ ಜೀವ ಓಗಕಿಲ್ಲ ಕಣವ್ವ. ಆಕು. ಅವ್ನ್ ಎಸ್ರು ಇಟ್ಟೇ ಆಕು" ಅಂದರು.

ಅವಳು ಬರೆದಳು. ಓದಿ ಕೇಳಿಸಿದಳು. ಸಿದ್ದರಾಜು ಸಹಿ ಹಾಕಿದರು, ತಾರೀಖನ್ನೂ ಹಾಕಿದರು. ಬಸ್ಸಿನಲ್ಲಿ ಬರುವಾಗ ಅವಳ ಸಿಟ್ಟೆಲ್ಲ ಕರಗಿ ಕಣ್ಣಲ್ಲಿ ಹರಿಯಿತು. ತಪ್ಪು ಒಪ್ಪಿಕೊಳ್ಳಲೂ ಗುಂಡಿಗೆ ಬೇಕು, ದೊಡ್ಡ ಮನುಷ್ಯ ಅಂದುಕೊಂಡಳು. ಅತ್ತವರೆಲ್ಲ ಒಳ್ಳೆಯವರು ಅಂದುಕೊಂಡರೆ ಹೀಗೇ ಆಗುವುದು!

ಮಳವಳ್ಳಿಯ ಮನೆಯಲ್ಲಿ ವಿಷಯ ಕೇಳಿದ ದೇವಿರಮ್ಮ ಅಳಲಿಲ್ಲ. ನೆಟ್ಟಗೆ ಫೋನು ತೆಗೆದು ಕೊಪ್ಪದಲ್ಲಿರುವ ನಾದಿನಿ ಚಲುವಮ್ಮನಿಗೆ ಹಚ್ಚಿದಳು. ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಚಲುವಿ, ನಿಮ್ಮಣ್ಣ ಕದ್ದಿರ್ನಿಲ್ಲ ಕಣೆ! ಕದ್ದೋನೇ ಒಪ್ಕಂಡವ್ನೆ. ಬುಕ್ಕಲ್ಲಿ ಬತ್ತದೆ, ಅಚ್ಚಾಗಿ ಬತ್ತದೆ. ನಲ್ಲಿ ತಾವ ನಿಂತ್ಕಂಡು ಎಲ್ರುಗೂ ಏಳು. ನಾನು ಏಳ್ದೆ ಅನ್ನು."

ಪುಸ್ತಕ ಬರೆದು ಮುಗಿಯಿತು. ಅರುಂಧತಿ ಎರಡು ಸಲ ಪ್ರೂಫು ನೋಡಿದಳು. 'ನಾನು ಕದ್ದ ಪ್ರಬಂಧ' ಎಂಬ ಅಧ್ಯಾಯ ನಲವತ್ತೊಂದನೇ ಪುಟದಲ್ಲಿ ಅಕ್ಷರ ಬಿಡದೆ ಹಾಗೇ ಇತ್ತು. ಅಷ್ಟರಲ್ಲಿ ಕೊಪ್ಪದಲ್ಲಿ ಬೇರೆ ಸುದ್ದಿ ಎದ್ದಿತ್ತು. ಶಾಲೆಗೆ ನೂರು ವರ್ಷ ತುಂಬುತ್ತಿದೆ, ಸಿದ್ದರಾಜು ಹೊಸ ಕೊಠಡಿ ಕಟ್ಟಿಸಿಕೊಡುತ್ತಾರೆ, ಅದಕ್ಕೆ ಅವರದೇ ಹೆಸರು ಇಡುತ್ತಾರೆ, ಪುಸ್ತಕವೂ ಅಲ್ಲೇ ಬಿಡುಗಡೆ. ಸಮಾರಂಭದ ಕರೆಯೋಲೆ, ಬ್ಯಾನರು, ಶಾಲೆಯ ಸ್ಮರಣ ಸಂಚಿಕೆ ಎಲ್ಲವೂ ಮಹದೇವುವಿನ ಅಂಗಡಿಗೇ ಬಂದವು.

ಕೊನೆಯ ಪ್ರೂಫು ಬಂದ ದಿನ ಮಹದೇವು ಕಾಫಿ ತರಿಸಿದ. "ಮೊದ್ಲು ಇದ ನೋಡು ತಂಗಿ" ಅಂತ ಮೊದಲ ಪುಟವನ್ನು ಅವಳ ಮುಂದಿಟ್ಟ. ಸಿದ್ದರಾಜು ಅವರ ಹೆಸರಿನ ಕೆಳಗೆ ಚೆಂದದ ಅಕ್ಷರಗಳಲ್ಲಿ, 'ನಿರೂಪಣೆ: ಅರುಂಧತಿ ಮರಿಸಿದ್ದಯ್ಯ'.

ಅವಳು ಅದನ್ನು ಎಷ್ಟು ಹೊತ್ತು ನೋಡಿದಳೋ. ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. ಫೋಟೋ ತೆಗೆದುಕೊಂಡಳು.

"ಮಿಕ್ಕುದ್ದು ಏನೂ ಬದ್ಲಾಗಿಲ್ಲ, ಪುಟದ್ ನಂಬ್ರ ಮಾತ್ರ ಸರಿ ಮಾಡಿವ್ನಿ. ಪ್ರೆಸ್ಸೋನು ಕಾಯ್ತಾವ್ನೆ, ಸಯಿ ಆಕ್ಬುಡು" ಅಂದ ಮಹದೇವು.

ಅವಳು ಆಕಡೆ ಆ ಮೊದಲ ಪುಟವನ್ನು ಒರಗಿಸಿಟ್ಟುಕೊಂಡು, ಈಕಡೆ ನೂರಾ ಅರವತ್ತು ಪುಟದ ಬುಡದಲ್ಲೂ ಸಹಿ ಹಾಕಿಕೊಟ್ಟಳು. ಒಂದನ್ನೂ ಓದಲಿಲ್ಲ. ಮರಿಸಿದ್ದಯ್ಯನ ಮಗಳು!

ಸಮಾರಂಭದ ದಿನ ಶಾಲೆಯ ಅಂಗಳದಲ್ಲಿ ಶಾಮಿಯಾನ. ದೇವಿರಮ್ಮ ರೇಷ್ಮೆ ಸೀರೆ ಉಟ್ಟು ಎರಡನೇ ಸಾಲಿನಲ್ಲಿ ಕೂತಿದ್ದಳು. ಹಿಂದೆ ಚಲುವಮ್ಮ, ಓಣಿಯ ಹತ್ತು ಹನ್ನೆರಡು ಜನ. ಗಂಡ ಏಟು ತಿಂದ ಜಾಗ ಇದೇ ಇರಬೇಕು ಅಂತ ದೇವಿರಮ್ಮ ಧ್ವಜದ ಕಂಬವನ್ನು ನೋಡುತ್ತಿದ್ದಳು. ಬಿಡುಗಡೆಯಾದ ಪುಸ್ತಕವನ್ನು ಮುಂದಿನ ಸಾಲುಗಳಿಗೆ ಹಂಚಿದರು. ಅರುಂಧತಿಯ ಕೈಗೂ ಒಂದು ಬಂತು.

"ಎಲ್ಲವ್ವ ನಿನ್ನೆಸ್ರು?" ಅಂದಳು ದೇವಿರಮ್ಮ. ಅವಳಿಗೆ ದಪ್ಪ ಅಕ್ಷರವಾದರೆ ಕೂಡಿಸಿ ಓದಲು ಬರುತ್ತಿತ್ತು. ಮಗಳು ತೋರಿಸಿದಳು. ದೇವಿರಮ್ಮ ಅಕ್ಷರದ ಮೇಲೆ ಬೆರಳಿಟ್ಟು ಅ-ರುಂ-ಧ-ತಿ, ಮ-ರಿ-ಸಿ-ದ್ದ-ಯ್ಯ ಅಂತ ಓದಿ, ಇನ್ನೊಂದು ಸಲ ಓದಿ, ಚಲುವಮ್ಮನ ಕಡೆ ತಿರುಗಿ ತೋರಿಸಿದಳು. "ಈಗ ನಿಮ್ಮಪ್ಪುಂದ ಓದು. ಮೆಲ್ಲುಗೆ ಓದು, ನಂಗೆ ಮಾತ್ರ ಕೇಳ್ಲಿ" ಅಂದಳು.

ಅರುಂಧತಿ ನಲವತ್ತೊಂದನೇ ಪುಟ ತೆಗೆದಳು. ಅಧ್ಯಾಯದ ಹೆಸರು 'ಕ್ಷಮೆಯ ಮೊದಲ ಪಾಠ' ಎಂದಿತ್ತು. ಕಣ್ಣು ಕೆಳಗಿಳಿಯಿತು. 'ನನ್ನ ಸಹಪಾಠಿ ಮರಿಸಿದ್ದಯ್ಯ ಬಡತನದ ಹುಡುಗ. ನಾನು ಬರೆದ ಪ್ರಬಂಧವನ್ನು ಕದ್ದು ನಕಲು ಮಾಡಿದ. ಮೇಷ್ಟರು ಹೊಡೆಯುವಾಗ ನಾನೇ ಅಡ್ಡ ಹೋಗಿ, ಬಿಟ್ಟುಬಿಡಿ ಸಾರ್, ನಾನು ಕ್ಷಮಿಸಿದ್ದೇನೆ ಎಂದೆ…'

ಅರುಂಧತಿ ತಲೆ ಎತ್ತಿ ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಮಹದೇವುವನ್ನು ನೋಡಿದಳು. ಅವನು ಮೈಕಿನ ವೈರು ನೋಡುತ್ತಿದ್ದ.

"ಓದವ್ವ" ಅಂದಳು ದೇವಿರಮ್ಮ.

ಅರುಂಧತಿ ಓದಿದಳು. ಆ ಸುಳ್ಳು ಸಾಲುಗಳ ಮೇಲೆ ಬೆರಳಾಡಿಸುತ್ತ, ಬಾಯಲ್ಲಿ ತಾನು ಬರೆದದ್ದನ್ನು ಓದಿದಳು. ಅದು ಅವಳಿಗೆ ಬಾಯಿಪಾಠವಾಗಿತ್ತು. 'ನಾನು ಅವನ ಕಡೆ ಕೈ ತೋರಿಸಿಬಿಟ್ಟೆ. ಅವನು ಅಳಲಿಲ್ಲ. ನನ್ನನ್ನೇ ನೋಡುತ್ತ ನಿಂತಿದ್ದ.' ದೇವಿರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಅವ್ರು ಅಂಗೇ ಕಣವ್ವ, ನೋಡೋರು ಅಷ್ಟೆ, ಮಾತಾಡ್ನಿಲ್ಲ" ಅಂದಳು.

ಆ ನೆಮ್ಮದಿ ಐದು ನಿಮಿಷ ಉಳಿಯಲಿಲ್ಲ. ಸಿದ್ದರಾಜು ಮೈಕಿನ ಮುಂದೆ ಬಂದ. ಇನ್ನು ಇವನಿಗೆ 'ಬಂದರು' ಅನ್ನಲು ನನಗೆ ಬಾಯಿ ಬರುವುದಿಲ್ಲ. ಬಂದವನು ಹಲ್ಲು ಬಿಟ್ಟು ನಗುತ್ತ, ಇದೇ ಅಂಗಳದಲ್ಲಿ ತಾನು ಕ್ಷಮೆ ಕಲಿತ ಕತೆ ಹೇಳಿದ. "ನನ್ ಪ್ರಬಂದ ಕದ್ದ ಸ್ನೇಯಿತುನ್ನ ಅವತ್ತೇ ಕ್ಸಮಿಸ್ಬುಟ್ಟೆ. ಅವ್ನ್ ಮಗ್ಳು ಕೈಲೇ ಈ ಪುಸ್ತ್ಕ ಬರುಸ್ದೆ. ಮಗ್ಳೇ ಬರ್ದವ್ಳೆ ಅಂದ್ಮೇಲೆ ಇನ್ನೇನ್ ಸಾಕ್ಸಿ ಬೇಕು ಏಳಿ?"

ಚಪ್ಪಾಳೆ ಬಿತ್ತು. ಆಗ ಅರುಂಧತಿಗೆ ಅರ್ಥವಾಯಿತು, ತನ್ನ ಹೆಸರಿನ ಮುಂದೆ ಅಪ್ಪನ ಹೆಸರನ್ನು ಅಷ್ಟು ಚೆಂದವಾಗಿ ಯಾಕೆ ಉಳಿಸಿದರು ಅಂತ.

ದೇವಿರಮ್ಮ ಮಗಳ ಕಡೆ ತಿರುಗಿದಳು. "ನೀನು ಓದಿದ್ದು ಅದಲ್ವಲ್ಲವ್ವ?"

ಅರುಂಧತಿ ಚೀಲದಲ್ಲಿದ್ದ ಉದ್ದನೆಯ ನೋಟ್ ಬುಕ್ಕು ತೆಗೆದು ನೆಟ್ಟಗೆ ವೇದಿಕೆ ಹತ್ತಿದಳು. ಎರಡು ಮಾತು ಆಡಲು ಬಂದಳು ಅಂದುಕೊಂಡು ಯಾರೋ ಮೈಕು ಕೊಟ್ಟರು. ಅವಳು ಆ ಪುಟ ಬಿಡಿಸಿ ಜೋರಾಗಿ ಓದಿದಳು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದಳು. ಶಾಮಿಯಾನದೊಳಗೆ ಗುಜುಗುಜು ಎದ್ದಿತು. ಓದಿ ಮುಗಿಸಿ ನೋಟ್ ಬುಕ್ಕನ್ನು ಸಿದ್ದರಾಜುವಿನ ಮುಂದೆ ಹಿಡಿದಳು. "ಈ ಸಹಿ ನಿಮ್ಮದಲ್ವಾ ಸಾರ್? ಹೇಳಿ."

ಸಿದ್ದರಾಜು ಬೆವರಲಿಲ್ಲ, ತೊದಲಲಿಲ್ಲ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಸಹಿಯನ್ನು ನಿಧಾನವಾಗಿ ನೋಡಿದ.

"ಸಯಿ ನಂದೇ ಕಣವ್ವ. ಇಲ್ಲ ಅನ್ನಕಿಲ್ಲ. ಆದ್ರೆ ಅವತ್ತು ನೀನು ಓದೇಳಿದ್ದು ಇದಲ್ವಲ್ಲ."

ಅಷ್ಟು ಹೇಳಿ ಜನರ ಕಡೆ ತಿರುಗಿದ. "ಆವಾಗ ಎದೆ ಆಪರೇಸನ್ ಆಗಿ ಇನ್ನೂ ಮೂರ್ ತಿಂಗ್ಳು. ಕಣ್ಣು ಮಂಜು. ಮಗು ಒಂದು ಓದ್ತು, ಇನ್ನೊಂದು ಬರ್ಕಂಡದೆ. ಅಪ್ಪುನ್ ಮೇಲೆ ಪ್ರೀತಿ, ಪಾಪ. ಅವತ್ತು ಅಪ್ಪುನ್ನ ಕ್ಸಮಿಸ್ದೆ, ಇವತ್ತು ಮಗ್ಳುನ್ನೂ ಕ್ಸಮಿಸ್ತೀನಿ."

ಓದಿದ್ದೊಂದು, ಬರೆದದ್ದೊಂದು! ಮೂವತ್ತೈದು ವರ್ಷ ಮರದಡಿ ಕೂತು ಮರಿಸಿದ್ದಯ್ಯ ಯಾವ ಮಾತಿಗೆ ಹೆದರಿ ಬದುಕಿದ್ದರೋ, ಅದನ್ನೇ ಈ ಮನುಷ್ಯ ಅವರ ಮಗಳ ಕೊರಳಿಗೆ ಹಾರ ಹಾಕಿದಂತೆ ಹಾಕಿದ.

ಅರುಂಧತಿ ಮೊದಲ ಸಾಲಿನಲ್ಲಿದ್ದ ಚಿಕ್ಕಬೋರಮ್ಮನ ಕಡೆ ನೋಡಿದಳು. "ನೀವು ಅಲ್ಲೇ ಇದ್ರಲ್ಲ ಅವ್ವಾರೇ? ಅವರೆಕಾಯಿ ಸುಲೀತಿದ್ರಿ. ನೀವಾದ್ರೂ ಹೇಳಿ." ಚಿಕ್ಕಬೋರಮ್ಮ ಸೀರೆಯ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ತಲೆ ಎತ್ತಲಿಲ್ಲ.

"ಮಾದೇವು, ಪ್ರೂಫಲ್ಲಿ ಏನಿತ್ತಪ್ಪ? ನೀನೇ ಏಳು" ಅಂದ ಸಿದ್ದರಾಜು.

ಪುಸ್ತಕದ ಬಿಡುಗಡೆಗೆ ಪ್ರೂಫಿನ ಕಟ್ಟು ಯಾರಾದರೂ ಹೊತ್ತು ತರುತ್ತಾರೆಯೇ? ಮಹದೇವು ತಂದಿದ್ದ. ಬಗಲಿನ ಚೀಲದಿಂದ ತೆಗೆದು, ಗುರುತಿಗೆ ಚೀಟಿ ಇಟ್ಟಿದ್ದ ಪುಟವನ್ನೇ ಬಿಚ್ಚಿ ಮೇಲಕ್ಕೆ ಹಿಡಿದ. "ಪುಟಪುಟುಕ್ಕೂ ಸಯಿ ಆಕವ್ಳೆ ಸಾರ್. ಇದ್ಕೂ ಆಕವ್ಳೆ" ಅಂದ. ಅವಳ ಮುಖ ನೋಡಿ ಹೇಳುವಷ್ಟು ಧೈರ್ಯ ಅವನಿಗಿರಲಿಲ್ಲ. ಪುಟವನ್ನೇ ನೋಡಿಕೊಂಡು ಹೇಳಿದ. ಹದಿನಾಲ್ಕು ವರ್ಷ ಅಣ್ಣಾ ಅನ್ನಿಸಿಕೊಂಡವನು.

ಕಾಗದದ ಬುಡದಲ್ಲಿ ಅವಳದೇ ಸಹಿ. ಅದನ್ನು ನೋಡಿದ ಮೇಲೆ ಅರುಂಧತಿ ನೋಟ್ ಬುಕ್ಕು ಮುಚ್ಚಿದಳು. ಮೈಕನ್ನು ಯಾರೋ ಮೆಲ್ಲಗೆ ತೆಗೆದುಕೊಂಡರು. "ಅಪ್ಪುನ್ ಬುದ್ಧಿ ಎಲ್ಲೋಯ್ತದೆ?" ಅಂತ ಹಿಂದಿನ ಸಾಲಿನಿಂದ ಒಂದು ದನಿ ಬಂತು, ಒಂದಿಷ್ಟು ನಗೆಯೂ ಬಂತು. ಕಾರ್ಯಕ್ರಮದ ಪಟ್ಟಿಯಲ್ಲಿ ಇದ್ದಂತೆ ಅವಳಿಗೆ ಶಾಲು ಹೊದಿಸಿ ಕಳಿಸಿದರು. ಮಾಡುವುದನ್ನೆಲ್ಲ ಮಾಡಿ ಶಾಲು ಹೊದಿಸುವುದನ್ನು ಮಾತ್ರ ಮರೆಯಲಿಲ್ಲ ಮಹಾನುಭಾವರು.

ಊಟಕ್ಕೆ ನಿಲ್ಲದೆ ತಾಯಿ ಮಗಳು ಬಸ್ ಸ್ಟಾಪಿಗೆ ಬಂದರು. ಮಟಮಟ ಮಧ್ಯಾಹ್ನ. ಮದ್ದೂರಿನ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ದೇವಿರಮ್ಮ ಕಲ್ಲಿನ ಮೇಲೆ ಕೂತು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ರಟ್ಟಿನ ಮೇಲಿನ ಧೂಳು ಒರೆಸಿ ಕೇಳಿದಳು.

"ಆ ಕಾಗುದ್ದಲ್ಲಿದ್ದ ಸಯಿ ನಿಂದೇಯಾ?"

"ಹೂಂ ಕಣವ್ವ."

"ಓದ್ದೆ ಆಕ್ಬುಟ್ಟಾ?"

"ಮಾದೇವಣ್ಣ ಅಂತ ನಂಬಿಬಿಟ್ಟೆ. ಹೆಸರು ನೋಡ್ತಾ ಕೂತುಬಿಟ್ಟೆ ಅವ್ವ."

"ನಿಮ್ಮಪ್ಪ ನಂಗೆ ಓದೇಳ್ದೆ ಒಂದು ಸಯೀನೂ ಆಕುಸ್ಕಂಡಿಲ್ಲ ಕಣಮ್ಮಿ. ಕಟ್ಕಂಡ್ ಎಂಡ್ತಿ ನಾನು. ಆದ್ರೂ ಓದೇಳೋರು."

ಬೈದಿದ್ದರೆ ಅರುಂಧತಿ ತಾಳಿಕೊಳ್ಳುತ್ತಿದ್ದಳು. ದೇವಿರಮ್ಮ ಬೈಯಲಿಲ್ಲ. ಪುಸ್ತಕದ ಮೊದಲ ಪುಟ ತೆಗೆದು, ಬೆರಳಿಟ್ಟು ಮೆಲ್ಲಗೆ ಕೂಡಿಸಿಕೊಂಡು ಹೆಸರು ಹುಡುಕಿದಳು. ಸಿಕ್ಕಿತು.

"ಪೆನ್ ತಗಿ."

ಅರುಂಧತಿ ಪೆನ್ನು ತೆಗೆದಳು.

"ನಿನ್ನೆಸ್ರು ಬೇಕಾದ್ರೆ ಇರ್ಲಿ. ನಿನ್ ಆಸೆ ಅದು. ನಿಮ್ಮಪ್ಪುಂದ ಒಡ್ದಾಕು."

"ಅವ್ವ…"

"ಒಡ್ದಾಕವ್ವ. ಅವ್ರು ಓದ್ದೆ ಎಲ್ಲೂ ಎಸ್ರು ಆಕ್ದೋರಲ್ಲ."

ಅರುಂಧತಿ ತನ್ನ ಹೆಸರನ್ನು ಬಿಟ್ಟು ಮರಿಸಿದ್ದಯ್ಯ ಎಂಬ ಐದು ಅಕ್ಷರದ ಮೇಲೆ ಗೆರೆ ಎಳೆದಳು. ಗೆರೆ ಸೊಟ್ಟಗಾಯಿತು. ದೇವಿರಮ್ಮ ಪುಟವನ್ನು ಬಿಸಿಲಿಗೆ ಹಿಡಿದು ಅಕ್ಷರ ಪೂರ್ತಿ ಮುಚ್ಚಿದೆಯೇ ಅಂತ ನೋಡಿದಳು. ಮುಚ್ಚಿರಲಿಲ್ಲ. ಇನ್ನೊಂದು ಗೆರೆ ಎಳೆಸಿದಳು.

"ಇಂತವು ಎಷ್ಟು ಅಚ್ಚಾಗವೆ?"

"ಸಾವಿರ."

ದೇವಿರಮ್ಮ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು.

"ಒಂದಾಯ್ತು" ಅಂದಳು.